ಅಂಟುಚಿತ್ರಗಳ ಕಲಾವಿದ ರೋಮರಿ ಬಿಯರ್ಡನ್

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಚಳಿಗಾಲದ ಇರುಳನ್ನು ಬೊಂತೆಯ ಬೆಚ್ಚಗಿನಲ್ಲಿ ಕಳೆದ ನೆನಪುಳ್ಳ ಹಿರಿಯರು ಇಂದಿಗೂ ಇದ್ದಾರೆ. ಉಟ್ಟು ಹಳತಾದ ಸೀರೆ, ಸವೆದ ಪಂಚೆ, ಮಕ್ಕಳ ಮೈಗೆ ಗಿಡ್ಡವಾದ ಅಂಗಿ, ಇವುಗಳ ತುಂಡುಗಳನ್ನು ಒಂದರ ಪಕ್ಕಕ್ಕೆ ಒಂದಿಟ್ಟು, ಮನೆಯ ಹೆಂಗಸರು ಬಿಡುವಿನ ವೇಳೆಯಲ್ಲಿ ಹೊಲಿದ ಹೊದಿಕೆಯೇ ಬೊಂತೆ. ಸಂತೆಯಲ್ಲಿಟ್ಟರೆ ಅದಕ್ಕೆ ಹೆಚ್ಚಿನ ಬೆಲೆ ಬಾರದು. ಆದರೆ ಈ ಅಂಚು ಮಗಳ ಮದುವೆಯ ಸೀರೆಯದು, ಈ ಬಿಳಿಯ ತುಂಡು ತೀರಿಕೊಂಡ ಯಜಮಾನನ ಪಂಚೆಯದು ಎಂದು ಬೆರಳಿಟ್ಟು ತೋರಿಸಬಲ್ಲ ಅಜ್ಜಿಗೆ ಅದೇ ಮನೆತನದ ಚರಿತ್ರೆ.

ಉತ್ತರ ಕರ್ನಾಟಕದಲ್ಲಿ ಇದನ್ನೇ ಕೌದಿ ಎನ್ನುತ್ತಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಿನಂಚಿನಲ್ಲಿ ನೆಲೆಸಿರುವ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಕೌದಿಗಳು ತಮ್ಮ ಬಣ್ಣಗಾರಿಕೆಯಿಂದ ದೂರದ ದೇಶಗಳಲ್ಲಿಯೂ ಹೆಸರಾಗಿವೆ. ಅಂಚಿನಿಂದ ಆರಂಭಿಸಿ ನಡುವಿನತ್ತ ಸುತ್ತುಸುತ್ತಾಗಿ ಹೊಲಿಯುತ್ತ ಬಂದು, ಕೊನೆಗೆ ನಾಲ್ಕು ಮೂಲೆಗಳಲ್ಲಿ ಹೂವಿನಂತೆ ಮಡಿಸಿದ ಬಟ್ಟೆಯನ್ನು ಇಟ್ಟರೆ ಮಾತ್ರ ಆ ಕೌದಿ ಪೂರ್ಣವಾಯಿತೆಂದು ಅವರು ಭಾವಿಸುತ್ತಾರೆ. ಆಫ್ರಿಕಾದಿಂದಲೇ ಸಂಕೋಲೆಗಳಲ್ಲಿ ಸಾಗಿಸಲ್ಪಟ್ಟು ಅಮೆರಿಕದ ನೆಲದಲ್ಲಿ ಗುಲಾಮರಾಗಿ ದುಡಿದವರ ಸಂತತಿಯ ಹೆಂಗಸರೂ ಇಂತಹ ಹೊದಿಕೆಗಳನ್ನು ಹೊಲಿಯುತ್ತಿದ್ದರು. ಆ ಹೊದಿಕೆಯ ರೀತಿಯಲ್ಲಿಯೇ ಕಾಗದ ಬಟ್ಟೆಗಳ ತುಂಡುಗಳನ್ನು ಜೋಡಿಸಿ, ತನ್ನ ಜನರ ಅಡಿಗೆಮನೆ, ಪಡಸಾಲೆ, ಹಿತ್ತಿಲುಗಳನ್ನು ಜಗತ್ತಿನ ಮಹಾ ಚಿತ್ರಶಾಲೆಗಳಿಗೆ ಕೊಂಡೊಯ್ದ ಕಲಾವಿದರೊಬ್ಬರು ಆ ಜನಾಂಗದಲ್ಲಿ ಹುಟ್ಟಿದರು. ಅವರೇ ರೋಮರಿ ಬಿಯರ್ಡನ್.

ಬಿಯರ್ಡನ್ನರು ೧೯೧೧ನೆಯ ಇಸವಿ ಸೆಪ್ಟೆಂಬರ್ ೨ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿರುವ ಉತ್ತರ ಕ್ಯಾರೊಲಿನ ರಾಜ್ಯದ ಷಾರ್ಲಟ್ ಪಟ್ಟಣದಲ್ಲಿ ಜನಿಸಿದರು. ಆ ದೇಶದಲ್ಲಿ ಗುಲಾಮಗಿರಿ ಶಾಸನದ ಮೂಲಕ ಕೊನೆಗೊಂಡದ್ದು ೧೮೬೫ರಲ್ಲಿ. ಆದರೆ ಶಾಸನ ಅಳಿಸಿದ್ದನ್ನು ಸಮಾಜ ಅಳಿಸಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರಿಗೂ ಕಪ್ಪುವರ್ಣೀಯರಿಗೂ ಬೇರೆ ಬೇರೆ ಶಾಲೆಗಳು, ರೈಲಿನಲ್ಲಿ ಬೇರೆ ಬೇರೆ ಡಬ್ಬಿಗಳು, ಕುಡಿಯುವ ನೀರಿಗೂ ಬೇರೆ ಬೇರೆ ನಲ್ಲಿಗಳು. ಅಸ್ಪೃಶ್ಯತೆಯ ನೋವನ್ನು ಬಲ್ಲ ನಮ್ಮ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಂತಹ ಪರಿಸರದಲ್ಲಿಯೂ ಬಿಯರ್ಡನ್ನರ ಮುತ್ತಜ್ಜ ಹೆನ್ರಿ ಕೆನೆಡಿ ಸ್ವಂತ ಮನೆಯನ್ನೂ ಕಿರಾಣಿ ಅಂಗಡಿಯನ್ನೂ ಹೊಂದಿ ಮರ್ಯಾದೆಯಿಂದ ಬಾಳಿದವರು. ಮನೆಯ ಸಮೀಪದಲ್ಲಿಯೇ ರೈಲು ಹಾದಿ. ಹಿತ್ತಿಲಿನ ಹೂಗಿಡಗಳು, ಅಂಗಳದ ಕೋಳಿಗಳು, ತೊಟ್ಟಿಯ ನೀರಿನಲ್ಲಿ ಮೀಯುವ ಹೆಂಗಸರು, ಸಂಜೆ ಗಿಟಾರು ನುಡಿಸುವ ನೆರೆಯವರು, ದೂರದಲ್ಲಿ ಹೊಗೆಯುಗುಳುತ್ತ ಸಾಗುವ ರೈಲು, ಇವೆಲ್ಲವೂ ಮಗುವಿನ ಕಣ್ಣಿನಲ್ಲಿ ನೆಲೆಯೂರಿದವು. ಐವತ್ತು ವರ್ಷಗಳ ಅನಂತರ ಅವು ಒಂದೊಂದಾಗಿ ಚಿತ್ರಗಳಾಗಿ ಹೊರಬಂದವು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದ ಕಪ್ಪುವರ್ಣೀಯರು ದಕ್ಷಿಣದ ಹತ್ತಿಯ ಹೊಲಗಳನ್ನು ಬಿಟ್ಟು ಉತ್ತರದ ಕೈಗಾರಿಕಾ ನಗರಗಳತ್ತ ಗುಂಪು ಗುಂಪಾಗಿ ಹೊರಟರು. ಸುಮಾರು ೧೯೧೦ರಿಂದ ೧೯೭೦ರವರೆಗೆ ಹೀಗೆ ವಲಸೆ ಹೋದವರ ಸಂಖ್ಯೆ ಅರವತ್ತು ಲಕ್ಷದಷ್ಟೆಂದು ಇತಿಹಾಸಕಾರರ ಅಂದಾಜು. ಬಿಯರ್ಡನ್ ದಂಪತಿಗಳೂ ತಮ್ಮ ಎಳೆಯ ಮಗನೊಡನೆ ಸುಮಾರು ೧೯೧೪ರಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಗೆ ಬಂದು ನೆಲೆಸಿದರು. ತಂದೆ ಹೋವರ್ಡ್ ನಗರದ ಆರೋಗ್ಯ ಇಲಾಖೆಯಲ್ಲಿ ನೌಕರಿ ಹಿಡಿದರು. ತಾಯಿ ಬೆಸಿ ಅಸಾಧಾರಣ ಚೈತನ್ಯವುಳ್ಳ ಮಹಿಳೆ. ಷಿಕಾಗೋ ಡಿಫೆಂಡರ್ ಎಂಬ ಕಪ್ಪುವರ್ಣೀಯರ ಪ್ರಸಿದ್ಧ ಪತ್ರಿಕೆಗೆ ನ್ಯೂಯಾರ್ಕಿನಿಂದ ಬರೆಯುತ್ತ, ತಮ್ಮ ಜನರ ಹಕ್ಕುಗಳಿಗಾಗಿ ಸಾರ್ವಜನಿಕ ಜೀವನದಲ್ಲಿ ದುಡಿದವರು. ಆ ಕಾಲದಲ್ಲಿ ಹಾರ್ಲೆಮ್ ಕಪ್ಪುವರ್ಣೀಯರ ಸಾಹಿತ್ಯ ಸಂಗೀತಗಳ ತವರಾಗಿತ್ತು. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ಜಾಸ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್, ವಿದ್ವಾಂಸ ಡುಬಾಯ್ಸ್ ಮೊದಲಾದವರು ಬಿಯರ್ಡನ್ನರ ಮನೆಗೆ ಬಂದುಹೋಗುತ್ತಿದ್ದರು. ಇಂತಹ ಸಭೆಯ ಒಂದು ಮೂಲೆಯಲ್ಲಿ ಕುಳಿತು ಹುಡುಗ ಬೆಳೆದನು.

ಆದರೆ ಅವನ ಕೈಗೆ ಪೆನ್ಸಿಲನ್ನು ಕೊಟ್ಟವರು ಈ ಗಣ್ಯರಲ್ಲಿ ಯಾರೂ ಅಲ್ಲ. ಅದನ್ನು ಕೊಟ್ಟವನು ನಡೆಯಲಾರದ ಒಬ್ಬ ಬಡ ಹುಡುಗ. ರೋಮರಿಯ ತಾಯಿಯ ತಾಯಿ ಕ್ಯಾರಿ ಬ್ಯಾಂಕ್ಸ್ ಉಕ್ಕಿನ ಕಾರ್ಖಾನೆಗಳ ಊರಾದ ಪಿಟ್ಸ್‌ಬರ್ಗಿನಲ್ಲಿ ಒಂದು ವಸತಿಗೃಹವನ್ನು ನಡೆಸುತ್ತಿದ್ದರು. ದಕ್ಷಿಣದಿಂದ ಬಂದ ಕಾರ್ಮಿಕರಿಗೆ ಅಲ್ಲಿ ಊಟ ವಸತಿಗಳು ದೊರೆಯುತ್ತಿದ್ದವು. ಕೋಲಾರದ ಚಿನ್ನದ ಗಣಿಗಳಿಗೆ ತಮಿಳು ಸೀಮೆಯಿಂದಲೂ ತೆಲುಗು ಸೀಮೆಯಿಂದಲೂ ಬಂದ ಕೂಲಿಗಾರರು ಗಣಿಯ ಸಾಲುಮನೆಗಳಲ್ಲಿ ಬಾಳು ಕಟ್ಟಿಕೊಂಡ ಕಾಲವೂ ಅದೇ. ಕುಲುಮೆಯ ಬೆಂಕಿಯ ಮುಂದೆ ನಿಂತು ದುಡಿದು ಮೈ ಬೆಂದು ಬಂದ ಕಾರ್ಮಿಕರ ಬೆನ್ನಿಗೆ ಅಜ್ಜಿ ಎಣ್ಣೆ ಸವರಿ ಉಪಚರಿಸುತ್ತಿದ್ದುದನ್ನು ಹುಡುಗ ನೋಡಿದ್ದನು. ಪೋಲಿಯೊ ರೋಗದಿಂದ ಕಾಲಿನ ಶಕ್ತಿಯನ್ನು ಕಳೆದುಕೊಂಡಿದ್ದ ಯೂಜೀನ್ ಎಂಬ ಬಾಲಕ ಅಲ್ಲಿ ಅವನಿಗೆ ಗೆಳೆಯನಾದನು.

ಯೂಜೀನ್ ಚೆನ್ನಾಗಿ ಚಿತ್ರ ಬರೆಯುತ್ತಿದ್ದನು. ಅವನ ಚಿತ್ರಗಳಲ್ಲಿ ಒಂದು ವಿಶೇಷವಿತ್ತು. ಅವನು ಬರೆದ ಮನೆಗಳಿಗೆ ಮುಂಗೋಡೆ ಇರುತ್ತಿರಲಿಲ್ಲ. ಒಳಗಿನ ಕೋಣೆಗಳೂ ಅವುಗಳಲ್ಲಿ ಓಡಾಡುವ ಜನರೂ ಹೊರಗೆ ನಿಂತವನಿಗೆ ಒಮ್ಮೆಗೇ ಕಾಣುತ್ತಿದ್ದರು. ರೋಮರಿ ಅವನಿಂದ ಚಿತ್ರ ಬರೆಯುವುದನ್ನು ಕಲಿಯತೊಡಗಿದನು. ಯೂಜೀನ್ ಬೆಳೆಯುತ್ತಿದ್ದ ಮನೆ ಮಕ್ಕಳಿಗೆ ತಕ್ಕುದಲ್ಲವೆಂದು ಆ ಚಿತ್ರಗಳಿಂದಲೇ ಅಜ್ಜಿಗೆ ತಿಳಿಯಿತು. ಅವರು ಒಡನೆಯೇ ಹೋಗಿ, ಆ ಹುಡುಗನನ್ನು ಅವನ ಪಾರಿವಾಳಗಳ ಸಮೇತ ತಮ್ಮ ಮನೆಗೆ ಕರೆತಂದು ಸಾಕಿದರು. ಆದರೆ ಸುಮಾರು ಒಂದು ವರ್ಷದೊಳಗೆ ಯೂಜೀನ್ ತೀರಿಕೊಂಡನು. ಗೆಳೆಯನೊಡನೆ ರೋಮರಿಯ ಚಿತ್ರಾಭ್ಯಾಸವೂ ಅಂದಿಗೆ ನಿಂತುಹೋಯಿತು. ಅವನು ಕಲಿಸಿದ ಪಾಠ ಮಾತ್ರ ಮನಸ್ಸಿನ ಆಳದಲ್ಲಿ ಉಳಿಯಿತು.

೧೯೨೯ರಲ್ಲಿ ಪಿಟ್ಸ್‌ಬರ್ಗಿನ ಪ್ರೌಢಶಾಲೆಯಲ್ಲಿ ವ್ಯಾಸಂಗವನ್ನು ಮುಗಿಸಿ ಬಿಯರ್ಡನ್ನರು ಕಾಲೇಜನ್ನು ಸೇರಿದರು. ಕ್ರಿಕೆಟ್ಟಿನಂತೆ ಚೆಂಡು ದಾಂಡುಗಳಿಂದ ಆಡುವ ಬೇಸ್‌ಬಾಲ್ ಅಮೆರಿಕದ ಜನಪ್ರಿಯ ಆಟ. ಬಾಸ್ಟನ್ ನಗರದಲ್ಲಿ ಓದುತ್ತಿದ್ದಾಗ ಬಿಯರ್ಡನ್ನರು ಒಳ್ಳೆಯ ಚೆಂಡೆಸೆಗಾರರೆಂದು ಹೆಸರಾದರು. ದೊಡ್ಡ ವೃತ್ತಿಪರ ತಂಡಗಳಲ್ಲಿ ಕಪ್ಪುವರ್ಣೀಯರಿಗೆ ಆಗ ಪ್ರವೇಶವಿರಲಿಲ್ಲ. ೧೯೪೭ರವರೆಗೂ ಆ ಬಾಗಿಲು ಮುಚ್ಚಿಯೇ ಇತ್ತು. ಬಿಯರ್ಡನ್ನರ ಮೈಬಣ್ಣವಾದರೋ ಬಹಳ ತಿಳಿಯಾದದ್ದು. ನೋಡಿದವರು ಬಿಳಿಯರೆಂದೇ ತಿಳಿಯುತ್ತಿದ್ದರು. ಬಿಳಿಯನೆಂದು ಹೇಳಿಕೊಂಡು ಆಡುವುದಾದರೆ ಪ್ರಸಿದ್ಧ ತಂಡವೊಂದರಲ್ಲಿ ಸ್ಥಾನ ದೊರೆಯುತ್ತದೆಂಬ ಆಹ್ವಾನ ಅವರಿಗೆ ಬಂದಿತೆಂದೂ ಅವರು ಅದನ್ನು ನಿರಾಕರಿಸಿದರೆಂದೂ ಅವರ ಜೀವನಚರಿತ್ರೆಗಳು ತಿಳಿಸುತ್ತವೆ. ಹಣವೂ ಕೀರ್ತಿಯೂ ಬರಬಹುದಾಗಿದ್ದ ದಾರಿ ಅದು. ಆದರೆ ಆ ದಾರಿಯಲ್ಲಿ ನಡೆಯಬೇಕಾದರೆ ಅಜ್ಜಿಯನ್ನೂ ಮುತ್ತಜ್ಜನನ್ನೂ ತಮ್ಮವರಲ್ಲವೆಂದು ಹೇಳಬೇಕಾಗಿತ್ತು.

೧೯೩೫ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಿಂದ ಪದವಿಯನ್ನು ಪಡೆದ ಬಿಯರ್ಡನ್ನರು ಆರಂಭದಲ್ಲಿ ವ್ಯಂಗ್ಯಚಿತ್ರಗಳನ್ನು ಬರೆದರು. ಜರ್ಮನಿಯ ನಾತ್ಸಿ ಆಡಳಿತದ ಕಾಲದಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಪ್ರಸಿದ್ಧ ಕಲಾವಿದ ಜಾರ್ಜ್ ಗ್ರೋಸ್ ಅವರ ಬಳಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು. ಸ್ಪೇನಿನ ಗೋಯಾ, ಫ್ರಾನ್ಸಿನ ದೋಮಿಯೆ, ರೈತರ ಬಾಳನ್ನು ಚಿತ್ರಿಸಿದ ಬ್ರೂಗೆಲ್, ಇಂತಹವರ ಕೃತಿಗಳನ್ನು ಎಚ್ಚರದಿಂದ ನೋಡುವುದನ್ನು ಗ್ರೋಸ್ ಅವರಿಗೆ ಕಲಿಸಿದರು.

ಇದಕ್ಕೆ ಮುಂಚೆಯೇ, ೧೯೩೪ರಲ್ಲಿ, ಬಿಯರ್ಡನ್ನರು ಒಂದು ಲೇಖನವನ್ನು ಪ್ರಕಟಿಸಿದ್ದರು. ಕಪ್ಪುವರ್ಣೀಯ ಕಲಾವಿದರು ಬಿಳಿಯರ ಕಲೆಯನ್ನು ಅನುಕರಿಸುತ್ತ ಕಾಲ ಕಳೆಯುತ್ತಿದ್ದಾರೆ, ತಮ್ಮ ಸುತ್ತಣ ಬದುಕಿನಲ್ಲಿ ಕಲೆಯ ವಸ್ತುವನ್ನು ಕಾಣಲಾರದೆ ಹೋಗಿದ್ದಾರೆ ಎಂಬುದು ಆ ಲೇಖನದ ಆಕ್ಷೇಪ. ಬರೆದಾಗ ಅವರಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ, ಅಥವಾ ಆಗತಾನೆ ತುಂಬಿತ್ತು. ಯೌವನದ ಹುರುಪಿನಲ್ಲಿ ಇತರರಿಗೆ ಹೇಳಿದ ಈ ಮಾತನ್ನು ತಾವೇ ನಡೆಸಿ ತೋರಿಸಲು ಅವರಿಗೆ ಮುಂದೆ ಮೂವತ್ತು ವರ್ಷಗಳು ಬೇಕಾದವು.

ಚಿತ್ರ ಬರೆದು ಹೊಟ್ಟೆ ಹೊರೆಯುವುದು ಸಾಧ್ಯವಿರಲಿಲ್ಲ. ಬಿಯರ್ಡನ್ನರು ನ್ಯೂಯಾರ್ಕ್ ನಗರದ ಸಮಾಜ ಕಲ್ಯಾಣ ಇಲಾಖೆಯಲ್ಲಿ ಕಾರ್ಯಕರ್ತರಾಗಿ ಸೇರಿದರು. ಬಡ ಕುಟುಂಬಗಳ ಮನೆಗಳಿಗೆ ಹೋಗಿ, ಅವರ ಕಷ್ಟಗಳನ್ನು ವಿಚಾರಿಸಿ, ಸರ್ಕಾರದ ನೆರವನ್ನು ಒದಗಿಸುವುದು ಅವರ ಕೆಲಸ. ಹಗಲೆಲ್ಲ ಈ ಉದ್ಯೋಗ; ರಾತ್ರಿಯ ವೇಳೆಯಲ್ಲಿ, ರಜೆಯ ದಿನಗಳಲ್ಲಿ ಚಿತ್ರ. ನಡುನಡುವೆ ಬಿಡುವಿದ್ದರೂ ಈ ಕ್ರಮ ೧೯೬೦ರ ದಶಕದ ಕೊನೆಯವರೆಗೂ ಸಾಗಿತು. ನೌಕರಿಯನ್ನು ಸಂಪೂರ್ಣವಾಗಿ ಬಿಟ್ಟು ಚಿತ್ರಕಲೆಯೊಂದನ್ನೇ ನಂಬಿ ನಿಲ್ಲುವ ವೇಳೆಗೆ ಅವರ ವಯಸ್ಸು ಅರವತ್ತನ್ನು ಸಮೀಪಿಸಿತ್ತು. ದಿನವೂ ಬೇರೆ ಬೇರೆ ಮನೆಗಳ ಹೊಸಲನ್ನು ದಾಟಿ ಒಳಹೋಗುತ್ತಿದ್ದ ಈ ವೃತ್ತಿ ಅವರ ಕಲೆಗೆ ಭಾರವಾಯಿತೆಂದು ತಿಳಿಯಬಾರದು. ಬಡವರ ಮನೆಯ ಒಳಗು ಹೇಗಿರುತ್ತದೆ, ಕುರ್ಚಿಯೊಂದನ್ನು ಎಲ್ಲಿ ಇಡುತ್ತಾರೆ, ಗೋಡೆಗೆ ಯಾವ ಪಟವನ್ನು ತೂಗುಹಾಕುತ್ತಾರೆ ಎಂಬ ತಿಳಿವಳಿಕೆ ಯಾವ ಕಲಾಶಾಲೆಯಲ್ಲಿಯೂ ದೊರೆಯುವಂತಹುದಲ್ಲ.

೧೯೪೦ರಲ್ಲಿ ಹಾರ್ಲೆಮಿನಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಎರಡನೆಯ ಮಹಾಯುದ್ಧ ಬಂದಾಗ ೧೯೪೨ರಿಂದ ೧೯೪೫ರವರೆಗೆ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಆ ಸೈನ್ಯದಲ್ಲಿಯೂ ಕಪ್ಪುವರ್ಣೀಯರಿಗೆ ಪ್ರತ್ಯೇಕ ದಳವೇ ಇತ್ತು. ಯುದ್ಧಾನಂತರ ಕ್ರಿಸ್ತನ ಜೀವನದ ಕೊನೆಯ ದಿನಗಳನ್ನು ಕುರಿತ ಅವರ ಚಿತ್ರಗಳಿಗೆ ಮನ್ನಣೆ ದೊರೆಯಿತು. ಅವುಗಳಲ್ಲಿ ಒಂದನ್ನು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಕೊಂಡಿತು. ೧೯೫೦ರಲ್ಲಿ, ನಿವೃತ್ತ ಸೈನಿಕರಿಗೆ ಸರ್ಕಾರ ನೀಡುತ್ತಿದ್ದ ವೇತನದ ನೆರವಿನಿಂದ ಪ್ಯಾರಿಸ್ಸಿಗೆ ಹೋಗಿ ತತ್ತ್ವಶಾಸ್ತ್ರವನ್ನು ವ್ಯಾಸಂಗ ಮಾಡಿದರು.

ಪ್ಯಾರಿಸ್ಸಿನಿಂದ ಹಿಂದಿರುಗಿದ ಮೇಲೆ ಒದಗಿದ್ದು ಅವರ ಜೀವನದ ಅತಿ ಕಷ್ಟದ ಕಾಲ. ಅವರ ಕುಂಚ ನಿಂತುಹೋಯಿತು. ಮತ್ತೆ ಪ್ಯಾರಿಸ್ಸಿಗೆ ಹೋಗಲು ಹಣ ಬೇಕೆಂದು ಜನಪ್ರಿಯ ಹಾಡುಗಳನ್ನು ಬರೆಯಲಾರಂಭಿಸಿದರು. ೧೯೫೪ರ ಒಂದು ಹಾಡು ಜನಪ್ರಿಯವೂ ಆಯಿತು. ಆದರೆ ಮನಸ್ಸು ತನ್ನದಲ್ಲದ ಕೆಲಸದಲ್ಲಿ ಸಿಕ್ಕಿಕೊಂಡು ಬಳಲಿತು. ಆರೋಗ್ಯ ಕುಸಿದು ಆಸ್ಪತ್ರೆಯನ್ನು ಸೇರಬೇಕಾಯಿತು. ೧೯೫೪ರಲ್ಲಿ ಅವರ ಕೈ ಹಿಡಿದ ನ್ಯಾನೆಟ್ ರೋಹನ್ ಎಂಬ ನರ್ತಕಿ ಅವರನ್ನು ಮತ್ತೆ ಚಿತ್ರಕಲೆಯ ಕಡೆಗೆ ತಿರುಗಿಸಿದರು. ನಲವತ್ತು ದಾಟಿದ ಕಲಾವಿದರು ಹೊಸ ವಿದ್ಯಾರ್ಥಿಯಂತೆ ಹಳೆಯ ಮಹಾಚಿತ್ರಗಳನ್ನು ನಕಲು ಮಾಡುತ್ತ, ಚೀನೀ ಲಿಪಿಕಾರರೊಬ್ಬರ ಬಳಿ ಕುಳಿತು ಖಾಲಿ ಜಾಗದ ಬೆಲೆಯನ್ನು ಕಲಿಯುತ್ತ, ಮೊದಲಿನಿಂದ ಅಭ್ಯಾಸ ಮಾಡಿದರು. ಆ ಮೇಲೆ ಅವರು ಬರೆದವು ರೂಪಗಳಿಲ್ಲದ, ಬಣ್ಣಗಳ ಹರಹಿನಿಂದಲೇ ಕೂಡಿದ ಅಮೂರ್ತ ಚಿತ್ರಗಳು. ಅವು ಸುಂದರವಾಗಿದ್ದವು. ಆದರೆ ಅವುಗಳಲ್ಲಿ ಅಜ್ಜಿಯ ಮನೆಯಿರಲಿಲ್ಲ.

೧೯೬೩ನೆಯ ವರ್ಷ ಅಮೆರಿಕದ ಕಪ್ಪುವರ್ಣೀಯರ ಹಕ್ಕುಗಳ ಚಳವಳಿಯಲ್ಲಿ ಚಿರಸ್ಮರಣೀಯವಾದದ್ದು. ಗಾಂಧೀಜಿಯವರ ಅಹಿಂಸಾ ಮಾರ್ಗವನ್ನು ನೆಚ್ಚಿದ ಮಾರ್ಟಿನ್ ಲೂಥರ್ ಕಿಂಗ್ ಅವರೂ ಇತರ ನಾಯಕರೂ ಸೇರಿ ಆ ವರ್ಷದ ಆಗಸ್ಟ್ ೨೮ರಂದು ವಾಷಿಂಗ್ಟನ್ ನಗರದಲ್ಲಿ ಎರಡು ಲಕ್ಷಕ್ಕೂ ಮೀರಿದ ಜನರ ಮಹಾಮೆರವಣಿಗೆಯನ್ನು ನಡೆಸಿದರು. ಇದಕ್ಕೆ ಕೆಲವು ವಾರಗಳ ಮುಂಚೆ ನ್ಯೂಯಾರ್ಕಿನ ಕಪ್ಪುವರ್ಣೀಯ ಕಲಾವಿದರು ಬಿಯರ್ಡನ್ನರ ಚಿತ್ರಶಾಲೆಯಲ್ಲಿ ಕಲೆತು, ಇಂತಹ ಸಮಯದಲ್ಲಿ ಕಲಾವಿದನ ಕರ್ತವ್ಯವೇನೆಂದು ಆಲೋಚಿಸಿದರು. ಸ್ಪೈರಲ್ ಎಂಬ ಹೆಸರಿನ ಒಂದು ಬಳಗ ಹೀಗೆ ಹುಟ್ಟಿಕೊಂಡಿತು. ಎಲ್ಲರೂ ಕೂಡಿ ಒಂದೇ ಅಂಟುಚಿತ್ರವನ್ನು ರಚಿಸೋಣವೆಂದು ಬಿಯರ್ಡನ್ನರು ಸೂಚಿಸಿದರು. ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಸಂಗ್ರಹಿಸಿ ತಂದೂ ಇಟ್ಟರು. ಆದರೆ ಉಳಿದವರಿಗೆ ಅದರಲ್ಲಿ ಉತ್ಸಾಹವುಂಟಾಗಲಿಲ್ಲ. ಕತ್ತರಿಸಿದ ಕಾಗದದ ತುಂಡುಗಳು ಬಿಯರ್ಡನ್ನರೊಬ್ಬರ ಪಾಲಿಗೇ ಉಳಿದವು.

ಆ ತುಂಡುಗಳನ್ನು ಮುಂದಿಟ್ಟುಕೊಂಡು ಅವರು ಒಬ್ಬರೇ ಕುಳಿತರು. ಕೊಲಾಜ್ ಎಂದು ಕರೆಯಲಾಗುವ ಅಂಟುಚಿತ್ರದ ವಿಧಾನ ಹೊಸದೇನೂ ಆಗಿರಲಿಲ್ಲ. ಯೂರೋಪಿನಲ್ಲಿ ಪಿಕಾಸೋ, ಬ್ರಾಕ್ ಮೊದಲಾದವರು ಅದನ್ನು ೧೯೧೨ರ ವೇಳೆಗೇ ಬಳಕೆಗೆ ತಂದಿದ್ದರು. ಆದರೆ ಬಿಯರ್ಡನ್ನರು ಆ ವಿಧಾನಕ್ಕೆ ಹೊಸ ಜೀವವನ್ನು ತುಂಬಿದರು. ಒಂದು ಚಿತ್ರದಿಂದ ಕಣ್ಣನ್ನು, ಇನ್ನೊಂದರಿಂದ ತುಟಿಯನ್ನು, ಆಫ್ರಿಕಾದ ಮರದ ಮುಖವಾಡವೊಂದರಿಂದ ಮೂಗನ್ನು ಆಯ್ದು ಒಂದು ಮುಖವನ್ನು ಕಟ್ಟುತ್ತಿದ್ದರು. ದುಡಿಯುವವರ ಕೈಗಳನ್ನು ಮೈಯ ಅಳತೆಗೆ ಮೀರಿ ದೊಡ್ಡದಾಗಿ ಇಡುತ್ತಿದ್ದರು. ಹೀಗೆ ಕೂಡಿಸಿದ ಮುಖದಲ್ಲಿ ಹಾರ್ಲೆಮಿನ ಬೀದಿ, ದಕ್ಷಿಣದ ಹತ್ತಿಯ ಹೊಲ, ಸಮುದ್ರದಾಚೆಯ ಆಫ್ರಿಕಾ ಮೂರೂ ಏಕಕಾಲದಲ್ಲಿ ಕಾಣುತ್ತಿದ್ದವು. ಚದುರಿಹೋದ ಜನಾಂಗವೊಂದರ ಚರಿತ್ರೆಯನ್ನು ಹೇಳಲು ಚದುರಿದ ತುಂಡುಗಳೇ ತಕ್ಕ ಸಾಧನವಾದವು.

ಈ ಚಿಕ್ಕ ಅಂಟುಚಿತ್ರಗಳನ್ನು ಛಾಯಾಚಿತ್ರ ತಂತ್ರದಿಂದ ಕಪ್ಪುಬಿಳುಪಿನಲ್ಲಿ ಬಹಳ ದೊಡ್ಡದಾಗಿ ಹಿಗ್ಗಿಸಿ, ೧೯೬೪ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಲಾಯಿತು. ನೋಡಿದವರು ಬೆರಗಾದರು. ಅದುವರೆಗೆ ಅಮೆರಿಕದ ಪತ್ರಿಕೆಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ಕಪ್ಪುವರ್ಣೀಯರು ಹೆಚ್ಚಾಗಿ ಪರಿಹಾಸ್ಯದ ವಸ್ತುವಾಗಿ ಅಥವಾ ಕನಿಕರದ ವಸ್ತುವಾಗಿ ಮಾತ್ರ ಕಾಣಿಸಿಕೊಳ್ಳುತ್ತಿದ್ದರು. ಬಿಯರ್ಡನ್ನರ ಚಿತ್ರಗಳಲ್ಲಿ ಅವರು ಊಟಕ್ಕೆ ಕುಳಿತಿದ್ದರು, ಮಗುವಿಗೆ ಮೀಯಿಸುತ್ತಿದ್ದರು, ಇಸ್ಪೀಟು ಆಡುತ್ತಿದ್ದರು, ನದಿಯಲ್ಲಿ ದೀಕ್ಷಾಸ್ನಾನ ಮಾಡುತ್ತಿದ್ದರು, ಕಿಟಕಿಯ ಬಳಿ ನಿಂತು ರೈಲನ್ನು ನೋಡುತ್ತಿದ್ದರು. ಯಾರ ಕನಿಕರವನ್ನೂ ಬೇಡದೆ ನೋಡುವವನನ್ನು ನೇರವಾಗಿ ದಿಟ್ಟಿಸುತ್ತಿದ್ದರು. ಚಳವಳಿಯ ಘೋಷಣೆಗಳು ಆ ಚಿತ್ರಗಳಲ್ಲಿ ಇರಲಿಲ್ಲ. ಇಷ್ಟು ತುಂಬಿದ ಬಾಳನ್ನು ಬಾಳುವ ಜನರನ್ನು ಎರಡನೆಯ ದರ್ಜೆಯವರೆಂದು ಕರೆಯುವುದು ಹೇಗೆ ಎಂಬ ಪ್ರಶ್ನೆ ಮಾತ್ರ ನೋಡಿದವರ ಮನಸ್ಸಿನಲ್ಲಿ ತಾನಾಗಿ ಏಳುತ್ತಿತ್ತು. ೧೯೩೪ರ ಲೇಖನದ ಮಾತು ಮೂವತ್ತು ವರ್ಷಗಳ ಮೇಲೆ ಕೃತಿಯಾಗಿ ನಿಂತಿತು. ಆಗ ಬಿಯರ್ಡನ್ನರಿಗೆ ಐವತ್ತಮೂರು ವರ್ಷ.

ಮುಂದಿನ ಇಪ್ಪತ್ತನಾಲ್ಕು ವರ್ಷಗಳ ಕಾಲ ಅವರ ಕತ್ತರಿಗೆ ವಿಶ್ರಾಂತಿಯಿರಲಿಲ್ಲ. ಕಪ್ಪುಬಿಳುಪಿನ ಸ್ಥಾನದಲ್ಲಿ ತುಂಬು ಬಣ್ಣಗಳು ಬಂದವು. ತಾವೇ ಬಣ್ಣ ಹಚ್ಚಿದ ಕಾಗದ, ಛಾಯಾಚಿತ್ರ, ಬಟ್ಟೆ, ಇವುಗಳನ್ನು ಗಟ್ಟಿಯಾದ ಹಲಗೆಯ ಮೇಲೆ ಅಂಟಿಸಿ, ಕೆಲವೆಡೆ ಉಜ್ಜಿ ತೆಗೆದು, ಕೆಲವೆಡೆ ಮತ್ತೆ ಬಣ್ಣ ಹಾಕಿ ಚಿತ್ರವನ್ನು ಮುಗಿಸುತ್ತಿದ್ದರು. ೧೯೭೦ರಲ್ಲಿ ರಚಿಸಿದ ಒಂದು ಚಿತ್ರದಲ್ಲಿ ಕಪ್ಪು ಮೈಯ ಹೆಣ್ಣೊಬ್ಬಳು ಬಣ್ಣಬಣ್ಣದ ಬಟ್ಟೆಯ ತುಂಡುಗಳಿಂದ ಹೊಲಿದ ಹೊದಿಕೆಯ ಮೇಲೆ ಒರಗಿದ್ದಾಳೆ. ತುಂಡು ಹೊದಿಕೆ ಎಂಬ ಅರ್ಥದ ಹೆಸರುಳ್ಳ ಆ ಚಿತ್ರದಲ್ಲಿ ಬೊಂತೆಗೆ ಬಳಸಿರುವುದು ನಿಜವಾದ ಬಟ್ಟೆಯನ್ನೇ. ಅದು ಇಂದು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದ ಆಸ್ತಿ. ಹೆಸರಿಲ್ಲದ ಅಜ್ಜಿಯರ ಕೈಕೆಲಸಕ್ಕೆ ಆ ಚಿತ್ರಶಾಲೆಯಲ್ಲಿ ಹೀಗೆ ಗೌರವದ ಸ್ಥಾನ ದೊರೆತಂತಾಯಿತು.

೧೯೭೧ರಲ್ಲಿ ಅದೇ ವಸ್ತುಸಂಗ್ರಹಾಲಯದಲ್ಲಿ ಬಿಯರ್ಡನ್ನರ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಟ್ಟಿತು. ಆ ವರ್ಷ ಅವರು ರಚಿಸಿದ ಹಾರ್ಲೆಮ್ ಬೀದಿಯೊಂದರ ಚಿತ್ರ ಆರು ಭಾಗಗಳುಳ್ಳದ್ದು. ಹದಿನೆಂಟು ಅಡಿ ಉದ್ದ, ನಾಲ್ಕು ಅಡಿ ಎತ್ತರದ್ದು. ಬೀದಿಯಲ್ಲಿ ಅಂಗಡಿ, ಇಗರ್ಜಿ, ಕ್ಷೌರದ ಮನೆ, ಶವಯಾತ್ರೆ, ಮಕ್ಕಳ ಆಟ ಎಲ್ಲವೂ ಇವೆ. ವಿಶೇಷವೆಂದರೆ ಅಲ್ಲಿನ ಕೆಲವು ಮನೆಗಳ ಗೋಡೆಗಳು ತೆರೆದುಕೊಂಡಿವೆ; ಒಳಗಿನ ಕೋಣೆಗಳೂ ಅಲ್ಲಿನ ಜನರೂ ಬೀದಿಯಲ್ಲಿ ನಿಂತವನಿಗೆ ಕಾಣುತ್ತಾರೆ. ಪಿಟ್ಸ್‌ಬರ್ಗಿನ ಯೂಜೀನ್ ಬರೆಯುತ್ತಿದ್ದುದೂ ಹೀಗೆಯೇ. ಆ ಗೆಳೆಯನನ್ನು ಬಿಯರ್ಡನ್ನರು ಮರೆತಿರಲಿಲ್ಲ. ೧೯೭೮ರಲ್ಲಿ ಬಾಲ್ಯದ ನೆನಪುಗಳನ್ನು ಕುರಿತು ರಚಿಸಿದ ಚಿತ್ರಮಾಲೆಯಲ್ಲಿ ಯೂಜೀನನಿಗೆ ವಿದಾಯ ಹೇಳುವ ಚಿತ್ರವೂ ಒಂದು.

ಅದೇ ಚಿತ್ರಮಾಲೆಯ ಇನ್ನೊಂದು ಚಿತ್ರ ಅಜ್ಜಿಯ ವಸತಿಗೃಹದ ಒಂದು ಬೆಳಗನ್ನು ತೋರಿಸುತ್ತದೆ. ಮೆಟ್ಟಿಲಿಳಿದು ಬಂದ ಕಾರ್ಖಾನೆಯ ಕೆಲಸಗಾರನೊಬ್ಬ ತನ್ನ ಬುತ್ತಿಯ ಡಬ್ಬಿಗೆ ಕೈ ಚಾಚಿದ್ದಾನೆ. ಮೇಜಿನ ಬಳಿ ಇನ್ನೊಬ್ಬ ಚಿಂತಾಕ್ರಾಂತನಾಗಿ ಕುಳಿತಿದ್ದಾನೆ. ಪಿಟ್ಸ್‌ಬರ್ಗಿನವರೇ ಆದ ನಾಟಕಕಾರ ಆಗಸ್ಟ್ ವಿಲ್ಸನ್ ಈ ಚಿತ್ರವನ್ನು ನೋಡಿ, ತಲೆ ತಗ್ಗಿಸಿ ಕುಳಿತ ಆ ಮನುಷ್ಯ ಯಾರಿರಬಹುದೆಂದು ಯೋಚಿಸುತ್ತ ಒಂದು ನಾಟಕವನ್ನೇ ಬರೆದರು. ಹುಡುಗಿಯೊಬ್ಬಳು ಪಿಯಾನೋ ಕಲಿಯುತ್ತಿರುವ ಬಿಯರ್ಡನ್ನರ ಮತ್ತೊಂದು ಚಿತ್ರದಿಂದ ಹುಟ್ಟಿದ ಅವರ ನಾಟಕಕ್ಕೆ ೧೯೯೦ರಲ್ಲಿ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ವಿಲ್ಸನ್ ಒಮ್ಮೆ ಬಿಯರ್ಡನ್ನರ ಮನೆಯ ಬಾಗಿಲವರೆಗೆ ಹೋಗಿ, ಬಾಗಿಲು ತಟ್ಟುವ ಧೈರ್ಯ ಸಾಲದೆ ಹಿಂತಿರುಗಿದರು. ಅವರಿಬ್ಬರ ಭೇಟಿ ಎಂದೂ ಆಗಲಿಲ್ಲ.

ಕೀರ್ತಿ ಬಂದ ಮೇಲೂ ಬಿಯರ್ಡನ್ನರು ಇತರರನ್ನು ಮರೆಯಲಿಲ್ಲ. ಕಪ್ಪುವರ್ಣೀಯ ಯುವ ಕಲಾವಿದರಿಗೆ ಪ್ರದರ್ಶನದ ಅವಕಾಶ ದೊರೆಯಲೆಂದು ೧೯೬೯ರಲ್ಲಿ ಗೆಳೆಯರೊಡನೆ ಸೇರಿ ನ್ಯೂಯಾರ್ಕಿನಲ್ಲಿ ಸಿಂಕ್ ಎಂಬ ಚಿತ್ರಶಾಲೆಯನ್ನು ಸ್ಥಾಪಿಸಿದರು. ತಮಗಿಂತ ಹಿಂದೆ ಬಾಳಿ ಅಜ್ಞಾತರಾಗಿ ಹೋದ ಕಪ್ಪುವರ್ಣೀಯ ಕಲಾವಿದರ ಚರಿತ್ರೆಯನ್ನು ಹ್ಯಾರಿ ಹೆಂಡರ್‌ಸನ್ ಅವರೊಡನೆ ಕೂಡಿ ಬರೆದರು. ಆ ಬೃಹದ್ಗ್ರಂಥ ಅಚ್ಚಾಗಿ ಹೊರಬಂದದ್ದು ೧೯೯೩ರಲ್ಲಿ. ಅದನ್ನು ನೋಡಲು ಬಿಯರ್ಡನ್ನರು ಬದುಕಿರಲಿಲ್ಲ. ೧೯೮೭ರಲ್ಲಿ ಅಮೆರಿಕದ ಅಧ್ಯಕ್ಷರು ಅವರಿಗೆ ರಾಷ್ಟ್ರೀಯ ಕಲಾ ಪದಕವನ್ನು ನೀಡಿ ಗೌರವಿಸಿದರು. ಮಾರನೆಯ ವರ್ಷ, ೧೯೮೮ರ ಮಾರ್ಚ್ ೧೨ರಂದು, ಎಲುಬಿನ ಕ್ಯಾನ್ಸರಿನಿಂದ ನ್ಯೂಯಾರ್ಕಿನಲ್ಲಿ ಅವರು ನಿಧನರಾದರು. ೨೦೦೩ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆ ಅವರ ಜೀವಮಾನದ ಕೃತಿಗಳ ಮಹಾಪ್ರದರ್ಶನವನ್ನು ನಡೆಸಿತು. ಆಫ್ರಿಕನ್ ಮೂಲದ ಅಮೆರಿಕನ್ ಕಲಾವಿದರೊಬ್ಬರಿಗೆ ಅಲ್ಲಿ ಇಂತಹ ಗೌರವ ಸಂದದ್ದು ಅದೇ ಮೊದಲು. ಅವರು ಹುಟ್ಟಿದ ಷಾರ್ಲಟ್ ನಗರದಲ್ಲಿ ೨೦೧೩ರಲ್ಲಿ ತೆರೆದ ಉದ್ಯಾನವೊಂದು ಅವರ ಹೆಸರನ್ನು ಹೊತ್ತಿದೆ.

ಮುತ್ತಜ್ಜನ ಆ ಮನೆ ಇಂದು ಉಳಿದಿಲ್ಲ. ಪಿಟ್ಸ್‌ಬರ್ಗಿನ ಕುಲುಮೆಗಳಲ್ಲಿ ಬಹುಪಾಲು ಆರಿಹೋಗಿವೆ. ಕೋಲಾರದ ಚಿನ್ನದ ಗಣಿಗಳೂ ೨೦೦೧ರಲ್ಲಿ ಮುಚ್ಚಿದವು. ಮನೆಗಳು ಬೀಳುತ್ತವೆ, ಜನರು ಊರು ಬಿಟ್ಟು ಊರಿಗೆ ಹೋಗುತ್ತಾರೆ, ದುಡಿದವರ ಹೆಸರು ಒಂದೆರಡು ತಲೆಮಾರುಗಳಲ್ಲಿ ಮರೆತುಹೋಗುತ್ತದೆ. ಆದರೆ ಅಜ್ಜಿಯ ಅಡಿಗೆಮನೆಯ ಒಲೆ, ಮೇಜಿನ ಮೇಲಣ ಬುತ್ತಿಯ ಡಬ್ಬಿ, ಕಿಟಕಿಯಾಚೆಯ ರೈಲು ಇವು ಬಿಯರ್ಡನ್ನರ ಚಿತ್ರಗಳಲ್ಲಿ ಇನ್ನೂ ಇವೆ. ಕಾಣಬಲ್ಲ ಕಣ್ಣಿಗೆ ಅಂತಹ ಬಾಳು ಎಲ್ಲೆಲ್ಲಿಯೂ ಇದೆ. ಮಾಲೂರಿನ ನಿಲ್ದಾಣದಲ್ಲಿ ಬೆಂಗಳೂರಿನ ಬೆಳಗಿನ ರೈಲಿಗಾಗಿ ಬುತ್ತಿ ಹಿಡಿದು ಕಾಯುವ ದುಡಿಮೆಗಾರರಲ್ಲಿ ಅದು ಇದೆ; ಮುಳಬಾಗಿಲಿನ ಯಾವುದೋ ಹಳ್ಳಿಯ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಹಳೆಯ ಬೊಂತೆಯಲ್ಲಿಯೂ ಇದೆ.